ಕೋವಿಯೂ ಮತಪತ್ರವೂ: ಒಬ್ಬ ಜನಪ್ರತಿನಿಧಿಯ ದಾಖಲೆಯನ್ನು ತೂಗುವ ಬಗೆ



ಈ ಉಪನ್ಯಾಸದ ದತ್ತಿಯನ್ನು ನೆಲೆಗೊಳಿಸಿದ ಮಹನೀಯರು ತಮ್ಮ ನಿಧಿಪತ್ರದಲ್ಲಿ ಉಪನ್ಯಾಸಕನಿಗೆ ವಿಧಿಸಿರುವ ನಿಬಂಧನೆಗಳು ಎರಡೇ: ವಿಷಯವು ಪೌರಧರ್ಮಕ್ಕೆ ಸಂಬಂಧಿಸಿದ್ದಾಗಿರಬೇಕು, ಮತ್ತು ಮಾತನಾಡುವವನು ತನ್ನ ಅಭಿಪ್ರಾಯವನ್ನು ಮುಚ್ಚಿಡಕೂಡದು. ಎರಡನೆಯ ಮಾತು ನನಗೆ ಧೈರ್ಯವನ್ನಿತ್ತಿದೆ. ಚುನಾವಣೆಯ ಕಾಲದಲ್ಲಿ ನಮ್ಮ ಮನೆಬಾಗಿಲಿಗೆ ಬರುವ ಅಭ್ಯರ್ಥಿಯು ಹೊಸಬನಾಗಿದ್ದರೆ ಅವನ ಮಾತನ್ನು ನಂಬುವುದೋ ಬಿಡುವುದೋ ಎಂಬುದಷ್ಟೇ ಪ್ರಶ್ನೆ. ಆದರೆ ಆತನು ಕಾಲು ಶತಮಾನ ಶಾಸನಸಭೆಯಲ್ಲಿ ಕುಳಿತವನಾಗಿದ್ದು, ಒಂದೇ ವಿಷಯದಲ್ಲಿ ಒಮ್ಮೆ ಹೌದೆಂದೂ ಮತ್ತೊಮ್ಮೆ ಅಲ್ಲವೆಂದೂ ಮತವಿತ್ತಿದ್ದರೆ, ಆ ಮಿಶ್ರವಾದ ದಾಖಲೆಯನ್ನು ಮತದಾರನು ಯಾವ ತಕ್ಕಡಿಯಲ್ಲಿ ತೂಗಬೇಕು? ಈ ಪ್ರಶ್ನೆಯನ್ನು ಗಾಳಿಯಲ್ಲಿ ವಿಚಾರಿಸುವುದರಿಂದ ಪ್ರಯೋಜನವಿಲ್ಲವೆಂದು ತಿಳಿದು ಒಂದು ನಿಜವಾದ ಪ್ರಸಂಗವನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ವರ್ಮಾಂಟ್ ಸಂಸ್ಥಾನದ ಬರ್ನಿ ಸ್ಯಾಂಡರ್ಸ್ ಅವರು 2016ರಲ್ಲಿ ಡೆಮಾಕ್ರಾಟಿಕ್ ಪಕ್ಷದ ಅಧ್ಯಕ್ಷಾಭ್ಯರ್ಥಿತ್ವವನ್ನು ಬಯಸಿ ಜನರ ಮುಂದೆ ನಿಂತಾಗ, ಕೋವಿಯ ವಿಷಯದಲ್ಲಿ ಅವರ ಹಿಂದಿನ ನಡೆ ಹೇಗಿತ್ತೆಂಬುದೇ ಆ ಪ್ರಸಂಗ. ನಮ್ಮಲ್ಲಿ ಯಾರಿಗೂ ಅಲ್ಲಿ ಮತವಿರಲಿಲ್ಲ. ನಮ್ಮ ಕಡೆಯವನು, ಅವರ ಕಡೆಯವನು ಎಂಬ ಮಮಕಾರವಿಲ್ಲದೆ ನೋಡಲು ಇಷ್ಟು ದೂರ ಅನುಕೂಲವೇ ಆದೀತು.

ದೂರದ ವಿಷಯವೆಂದೆನಷ್ಟೆ. ಆದರೂ ನಮ್ಮ ನಾಡಿನೊಳಗೇ ಒಂದು ಜಿಲ್ಲೆಯುಂಟು. ಅಲ್ಲಿಯವರಿಗೆ ಈ ಸಂಗತಿ ಹೊಳೆದಷ್ಟು ಬೇಗ ಮಿಕ್ಕವರಿಗೆ ಹೊಳೆಯಲಾರದು. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ನಡೆಯುವಾಗ, ಒರೆಸಿ ಎಣ್ಣೆ ಹಚ್ಚಿ ನೆಲ್ಲಕ್ಕಿ ನಡುಬಾಡೆಯಲ್ಲಿ ಸಾಲಾಗಿ ಒರಗಿಸಿದ ಕೋವಿಗಳಿಗೆ ಗಂಧವಿಟ್ಟು, ತೋಕ್‌ಪೂವೆಂದು ಅವರು ಕರೆಯುವ ಕೆಂಪು ಹಳದಿಯ ಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿರುವುದನ್ನು ಕಂಡವರಿಗೆ, ಕೋವಿಯೆಂಬುದು ಒಂದು ಜನಕ್ಕೆ ಕೊಲ್ಲುವ ಸಾಧನವಾಗಿ ಮಾತ್ರವಲ್ಲದೆ ಮನೆತನದ ಸಾಕ್ಷಿಯಾಗಿಯೂ ಇರಬಲ್ಲುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಬ್ರಿಟಿಷರ ಕಾಲದಿಂದ ಬಂದ ಕೋವಿ ಪರವಾನಿಗೆಯ ವಿನಾಯಿತಿಯನ್ನು ಕೇಂದ್ರಸರ್ಕಾರವು 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು. ನಮ್ಮಲ್ಲಿ ಚುನಾವಣೆ ಘೋಷಣೆಯಾದೊಡನೆ ಕೋವಿಯನ್ನು ಠಾಣೆಗೊಯ್ದು ಠೇವಣಿಯಿಟ್ಟು ರಸೀದಿ ಪಡೆಯುವ ಪದ್ಧತಿಯಿದೆ. ಕಾಡುಹಂದಿ ತೋಟಕ್ಕಿಳಿಯುವ ಕಾಲದಲ್ಲೇ ಇದು ಬಂದರೆ ಬೆಳೆಗಾರನಿಗಾಗುವ ಸಂಕಟವನ್ನು ಆ ಸೀಮೆಯವರೇ ಬಲ್ಲರು. ನಮ್ಮಲ್ಲಿ ಮತದ ಮುಂದೆ ಕೋವಿಯು ಹೀಗೆ ಮೌನವಾಗುತ್ತದೆ. ಅಮೆರಿಕದಲ್ಲಿಯಾದರೋ ಮತವನ್ನು ಕೇಳುವುದೇ ಅದರ ಹೆಸರಿನಲ್ಲಿ.

ವರ್ಮಾಂಟ್ ಗುಡ್ಡಗಾಡಿನ ಚಿಕ್ಕ ಸಂಸ್ಥಾನ. ಜನಸಂಖ್ಯೆ ಆರು ಲಕ್ಷದ ಸುಮಾರು. ಜನರು ಆತ್ಮರಕ್ಷಣೆಗಾಗಿಯೂ ರಾಜ್ಯರಕ್ಷಣೆಗಾಗಿಯೂ ಆಯುಧ ಧರಿಸಬಹುದೆಂದು ಅದರ 1777ರ ಸಂವಿಧಾನವು, ಸಂಯುಕ್ತ ಸಂಸ್ಥಾನಗಳ ಎರಡನೆಯ ತಿದ್ದುಪಡಿಗೂ ಹದಿನಾಲ್ಕು ವರ್ಷ ಮೊದಲೇ ಸಾರಿತ್ತು. ರಟ್ಲಂಡ್ ಪಟ್ಟಣವು ಆಯುಧವನ್ನು ಮರೆಮಾಡಿ ಒಯ್ಯುವುದಕ್ಕೆ ಅನುಮತಿ ಬೇಕೆಂದು ಕಟ್ಟಳೆ ಮಾಡಿದಾಗ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1903ರಲ್ಲಿ ಅದನ್ನು ರದ್ದುಗೊಳಿಸಿತು. ನವೆಂಬರಿನ ಜಿಂಕೆ ಬೇಟೆಯ ಹದಿನಾರು ದಿನಗಳು ಅಲ್ಲಿಯ ಹಳ್ಳಿಗಳಿಗೆ ಒಂದು ಹಬ್ಬವೇ ಸರಿ. ಇಂತಹ ನೆಲಕ್ಕೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಬಂದು ನೆಲೆಸಿ, 1981ರಲ್ಲಿ ಬರ್ಲಿಂಗ್ಟನ್ ನಗರದ ಮೇಯರ್ ಸ್ಥಾನವನ್ನು ಹತ್ತೇ ಹತ್ತು ಮತಗಳಿಂದ ಗೆದ್ದವರು ಸ್ಯಾಂಡರ್ಸ್. ಅವರು ಬೇಟೆಗಾರರಲ್ಲ, ಬೇಟೆಗಾರರ ಪ್ರತಿನಿಧಿ. ಈ ಭೇದವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಅವರ ದಾಖಲೆಯನ್ನು ಅಳೆಯಲು ಅಮೆರಿಕದಲ್ಲಿ ಸಿದ್ಧವಾದ ಒಂದು ಅಳತೆಗೋಲಿದೆ. ಅಂತರ್ಯುದ್ಧದಲ್ಲಿ ಸೈನಿಕರ ಗುರಿ ತಪ್ಪುತ್ತಿದ್ದುದನ್ನು ಕಂಡ ಉತ್ತರದ ಸೇನಾಧಿಕಾರಿಗಳು ಗುರಿಗಾರಿಕೆಯ ಶಿಕ್ಷಣಕ್ಕೆಂದು 1871ರಲ್ಲಿ ಕಟ್ಟಿದ ನ್ಯಾಷನಲ್ ರೈಫಲ್ ಅಸೋಸಿಯೇಷನ್, 1977ರ ಅಂತಃಕಲಹದ ತರುವಾಯ ಉಗ್ರವಾದ ರಾಜಕೀಯ ಸಂಸ್ಥೆಯಾಗಿ ಮಾರ್ಪಟ್ಟು, ಪ್ರತಿಯೊಬ್ಬ ಶಾಸಕನಿಗೂ ಶಾಲೆಯ ಮಕ್ಕಳಿಗೆ ಕೊಡುವಂತೆ ಎ ಇಂದ ಎಫ್‌ವರೆಗೆ ಶ್ರೇಣಿಯನ್ನು ಕೊಡುತ್ತ ಬಂದಿದೆ. ಸ್ಯಾಂಡರ್ಸ್ ಅವರಿಗೆ ದೊರೆತಿದ್ದುದು ಡಿ ಮೈನಸ್. ಅವರು ಅದನ್ನು ಪದಕದಂತೆ ಎದೆಗೆ ತೂಗಿಸಿಕೊಂಡು, ಕೋವಿ ಕೂಟದವರು ತನ್ನನ್ನು ಎಷ್ಟು ದ್ವೇಷಿಸುತ್ತಾರೆ ನೋಡಿರೆಂದು ವೇದಿಕೆಗಳಲ್ಲಿ ತೋರಿಸಿದರು. ಈ ಬಗೆಯ ಅಂಕಪಟ್ಟಿಗಳ ಮೇಲೆ ನನಗೆ ವಿಶ್ವಾಸವಿಲ್ಲ. ಅಂಕಪಟ್ಟಿಯು ಮತಗಳನ್ನು ಕೂಡುತ್ತದೆ, ಕಳೆಯುತ್ತದೆ. ರೈಲಿನ ಸಾಮಾನು ಡಬ್ಬಿಯಲ್ಲಿ ಬೀಗ ಹಾಕಿದ ಕೋವಿಯನ್ನು ಒಯ್ಯಬಹುದೆಂದು 2009ರಲ್ಲಿ ಅವರು ಕೊಟ್ಟ ಮತವನ್ನೂ, ಮಕ್ಕಳನ್ನು ಕಳೆದುಕೊಂಡವರು ನ್ಯಾಯಾಲಯದ ಮೆಟ್ಟಿಲು ಹತ್ತಬಹುದೇ ಎಂಬ ಪ್ರಶ್ನೆಗೆ ಅವರು ಕೊಟ್ಟ ಮತವನ್ನೂ ಒಂದೊಂದು ಅಂಕವಾಗಿಯೇ ಎಣಿಸುತ್ತದೆ. ಮತಗಳಲ್ಲಿ ಹಗುರವಾದುವೂ ಉಂಟು, ಭಾರವಾದುವೂ ಉಂಟು. ಆದುದರಿಂದ ಒಂದೊಂದನ್ನೂ ಕೈಗೆತ್ತಿಕೊಂಡೇ ನೋಡಬೇಕು.

ಮೊದಲನೆಯದು ಬ್ರೇಡಿ ಶಾಸನ. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಅವರ ಮೇಲೆ ಗುಂಡು ಹಾರಿದಾಗ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ತಲೆಗೆ ಗಾಯವಾಗಿ ಬದುಕಿನುದ್ದಕ್ಕೂ ಅಂಗವಿಕಲರಾದರು. ಗುಂಡು ಹಾರಿಸಿದವನು ಆ ರಿವಾಲ್ವರನ್ನು ಡಲ್ಲಾಸಿನ ಒಂದು ಗಿರವಿ ಅಂಗಡಿಯಲ್ಲಿ ಸುಳ್ಳು ವಿಳಾಸ ಬರೆದುಕೊಟ್ಟು ಕೊಂಡಿದ್ದನು. ಕೊಳ್ಳುವವನು ಐದು ಕೆಲಸದ ದಿನ ಕಾಯಲಿ, ಅಷ್ಟರಲ್ಲಿ ಅವನ ಪೂರ್ವಾಪರವನ್ನು ಪೊಲೀಸರು ವಿಚಾರಿಸಲಿ ಎಂಬುದೇ ಮಸೂದೆಯ ತಿರುಳು. ಪ್ರತಿನಿಧಿಸಭೆಯಲ್ಲಿದ್ದ ಸ್ಯಾಂಡರ್ಸ್ ಇದನ್ನು 1991ರಲ್ಲಿಯೂ ವಿರೋಧಿಸಿದರು, 1993ರಲ್ಲಿಯೂ ವಿರೋಧಿಸಿದರು. ಅದು 238ಕ್ಕೆ 189 ಮತಗಳಿಂದ ಸಭೆಯನ್ನು ದಾಟಿ ಶಾಸನವಾಯಿತು. ಕಾಯುವ ಅವಧಿಯನ್ನು ಗೊತ್ತುಮಾಡುವುದು ಆಯಾ ಸಂಸ್ಥಾನಕ್ಕೆ ಬಿಟ್ಟದ್ದೆಂಬುದು ಅವರ ವಾದ.

ಈ ಮತವು ತಪ್ಪೆಂದೇ ನನ್ನ ಭಾವನೆ. ಕೋವಿ ಬೇಕಾದವನಿಗೆ ಐದು ದಿನ ದೀರ್ಘಕಾಲವೇನಲ್ಲ. ಆದರೆ ಇದನ್ನು ಕ್ಷಮಿಸಬಹುದಾದ ತಪ್ಪೆಂದು ಎಣಿಸುತ್ತೇನೆ. ಇದರ ಹಿಂದಿನ ಚರಿತ್ರೆಯನ್ನು ನೋಡಿರಿ. 1988ರಲ್ಲಿ ಅವರು ಪೀಟರ್ ಸ್ಮಿತ್ ಎಂಬ ರಿಪಬ್ಲಿಕನ್ ಅಭ್ಯರ್ಥಿಗೆ ಸೋತರು. ಗೆದ್ದ ಸ್ಮಿತ್ ಅವರು ಮಾರನೆಯ ವರ್ಷ ಯುದ್ಧಮಾದರಿಯ ಕೋವಿಗಳ ನಿಷೇಧವನ್ನು ಬೆಂಬಲಿಸಿದರು, ರೈಫಲ್ ಅಸೋಸಿಯೇಷನ್ 1990ರಲ್ಲಿ ಅವರನ್ನು ಸೋಲಿಸಲು ಟೊಂಕಕಟ್ಟಿ ನಿಂತಿತು, ಸ್ಯಾಂಡರ್ಸ್ ಗೆದ್ದರು. ಹೀಗೆ ಗೆದ್ದವನು ಋಣಿಯಾದನೆಂದು ಕೆಲವರು ಹೇಳುವರು. ಆದರೆ ಕಾಯುವ ಅವಧಿಗೆ ತಾನು ವಿರೋಧಿಯೆಂಬುದನ್ನು ಅವರು ಚುನಾವಣೆಗೆ ಮೊದಲೇ ಬಹಿರಂಗವಾಗಿ ಹೇಳಿದ್ದರು. ಕೇಳಿ ತಿಳಿದು ಆರಿಸಿದ ಜನರಿಗೆ ಕೊಟ್ಟ ಮಾತನ್ನು ಆರಿಸಿ ಬಂದ ಮೇಲೂ ನಡೆಸಿಕೊಟ್ಟರೆಂಬುದನ್ನು ಋಣಸಂದಾಯವೆನ್ನಲು ನನಗೆ ಮನಸ್ಸಾಗದು.

ಬ್ರೇಡಿ ಶಾಸನದ ಮರುವರ್ಷವೇ ತಕ್ಕಡಿಯ ಮತ್ತೊಂದು ತಟ್ಟೆ ಕೆಳಗಿಳಿಯಿತು. ಯುದ್ಧಮಾದರಿಯ ಕೋವಿಗಳ ನಿಷೇಧವು 1994ರ ಮೇ 5ರಂದು ಪ್ರತಿನಿಧಿಸಭೆಯ ಮುಂದೆ ಬಂದಾಗ ಹೌದೆಂದವರು 216, ಅಲ್ಲವೆಂದವರು 214. ಆ 216ರಲ್ಲಿ ಸ್ಯಾಂಡರ್ಸ್ ಒಬ್ಬರು. ಅವರೊಬ್ಬರು ಅತ್ತ ಸರಿದಿದ್ದರೆ ಮತಗಳು ಸಮಸಮವಾಗಿ ಮಸೂದೆ ಬಿದ್ದುಹೋಗುತ್ತಿತ್ತು. ನಾಲ್ಕು ವರ್ಷ ಹಿಂದೆ ಇದೇ ನಿಷೇಧವನ್ನು ಬೆಂಬಲಿಸಿದ ತಪ್ಪಿಗೆ ಸ್ಮಿತ್ ಅವರಿಗೆ ಏನಾಯಿತೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಇನ್ನಾರು? ಆ ನವೆಂಬರಿನಲ್ಲಿ ಅವರು ಗೆದ್ದದ್ದು ಶೇಕಡ ಮೂರರಷ್ಟು ಅಂತರದಿಂದ. ಅದು ರಿಪಬ್ಲಿಕನರ ಪ್ರವಾಹದ ವರ್ಷವಾದ್ದರಿಂದ ಕಾರಣವನ್ನೆಲ್ಲ ಕೋವಿಯ ಮೇಲೆ ಹೊರಿಸಲಾಗದು. ಹೇಗಾದರೂ ಇರಲಿ, ಅಪಾಯವನ್ನರಿತೂ ಕೊಟ್ಟ ಮತವದು. ಅಂಕಪಟ್ಟಿಯಲ್ಲಿ ಇದಕ್ಕೆ ಸಿಗುವ ಬೆಲೆ ಏನೋ, ನನ್ನ ತಕ್ಕಡಿಯಲ್ಲಿ ಇದು ಬ್ರೇಡಿ ಮತಕ್ಕಿಂತ ಬಹಳ ತೂಗುತ್ತದೆ.

ಇಷ್ಟರಲ್ಲಿಯೇ ವಿಷಯ ಮುಗಿದಿದ್ದರೆ ಈ ಉಪನ್ಯಾಸಕ್ಕೆ ಆಸ್ಪದವಿರುತ್ತಿರಲಿಲ್ಲ. ಮುಗಿಯಗೊಡದದ್ದು 2005ರ ಮತ.

2002ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ನಗರದ ಸುತ್ತಮುತ್ತ ಮೂರು ವಾರಗಳ ಕಾಲ, ಪೆಟ್ರೋಲು ತುಂಬಿಸಿಕೊಳ್ಳುತ್ತಿದ್ದವರು, ಅಂಗಡಿಯಿಂದ ಹೊರಬರುತ್ತಿದ್ದವರು, ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದವರು ಎಲ್ಲಿಂದಲೋ ಬಂದ ಒಂದೊಂದು ಗುಂಡಿಗೆ ಬಿದ್ದು, ಹತ್ತು ಮಂದಿ ಸತ್ತರು. ಆ ಬುಷ್‌ಮಾಸ್ಟರ್ ಕೋವಿಯು ದೇಶದ ಇನ್ನೊಂದು ತುದಿಯ ಟಕೋಮಾ ನಗರದ ಅಂಗಡಿಯೊಂದರಿಂದ ಮಾಯವಾದುದು. ಲೆಕ್ಕ ತೆಗೆದಾಗ ಆ ಅಂಗಡಿಯಲ್ಲಿ ಹಾಗೆ ಇನ್ನೂರಕ್ಕೂ ಮಿಕ್ಕಿ ಕೋವಿಗಳಿಗೆ ಲೆಕ್ಕವೇ ಇಲ್ಲವೆಂದು ತಿಳಿಯಿತು. ನೊಂದವರು ದಾವೆ ಹೂಡಿದರು. 2004ರಲ್ಲಿ ಅಂಗಡಿಯೂ ತಯಾರಕರೂ ಸೇರಿ ಸುಮಾರು ಇಪ್ಪತ್ತೈದು ಲಕ್ಷ ಡಾಲರು ಕೊಟ್ಟು ರಾಜಿಯಾದರು. ಅದಕ್ಕೂ ಮೊದಲೇ, 1998ರಲ್ಲಿ, ನ್ಯೂ ಆರ್ಲಿಯನ್ಸ್ ಮತ್ತು ಷಿಕಾಗೊ ನಗರಗಳು ಕೋವಿ ತಯಾರಕರ ಮೇಲೆ ಮೊಕದ್ದಮೆ ಹಾಕಿದ್ದುವು. ಇದರಿಂದ ಬೆದರಿದ ಉದ್ದಿಮೆಯು ಕಾಂಗ್ರೆಸ್ಸಿನ ಮೊರೆಹೊಕ್ಕಿತು. ತನ್ನ ಕೋವಿಯನ್ನು ಬೇರೆಯವರು ಅಪರಾಧಕ್ಕೆ ಬಳಸಿದ್ದರಿಂದ ಆದ ಹಾನಿಗಾಗಿ ತಯಾರಕನ ಮೇಲಾಗಲಿ ಮಾರಾಟಗಾರನ ಮೇಲಾಗಲಿ, ಕೆಲವು ಅಪವಾದಗಳ ಹೊರತು, ದಾವೆ ನಡೆಯತಕ್ಕದ್ದಲ್ಲವೆಂಬ ಶಾಸನವು 2005ರ ಅಕ್ಟೋಬರ್ 20ರಂದು ಪ್ರತಿನಿಧಿಸಭೆಯಲ್ಲಿ 283ಕ್ಕೆ 144 ಮತಗಳಿಂದ ಅಂಗೀಕೃತವಾಯಿತು. ಸ್ಯಾಂಡರ್ಸ್ ಹೌದೆಂದರು.

ಅವರ ಸಮರ್ಥನೆಯನ್ನು ನ್ಯಾಯವಾಗಿ ಮುಂದಿಡಬೇಕು. ವರ್ಮಾಂಟಿನ ಹಳ್ಳಿಯಲ್ಲಿ ಬೇಟೆಯ ಸಾಮಾನು ಮಾರುವ ಸಣ್ಣ ಅಂಗಡಿಯವನು ಕಾನೂನಿಗನುಸಾರವಾಗಿ ಕೋವಿಯೊಂದನ್ನು ಮಾರಿದನು. ಅದು ಕೈಯಿಂದ ಕೈಗೆ ಹೋಗಿ ಎಲ್ಲೋ ಕೊಲೆಯಾಯಿತು. ಅಂಗಡಿಯವನನ್ನು ಕಟಕಟೆಗೆ ಎಳೆಯುವುದು ಯಾವ ನ್ಯಾಯ? ಸುತ್ತಿಗೆಯಿಂದ ತಲೆಯೊಡೆದರೆ ಸುತ್ತಿಗೆ ಮಾಡಿದ ಕಂಪೆನಿಯನ್ನು ಹಿಡಿಯುವುದುಂಟೇ ಎಂದು 2015ರಲ್ಲಿಯೂ ಅವರು ಕೇಳಿದರು. ಕೇಳಿದಾಕ್ಷಣ ಒಪ್ಪಿಗೆಯಾಗುವ ಮಾತು. ಆದರೆ ಸ್ವಲ್ಪ ನಿಂತು ಯೋಚಿಸಿದರೆ, ಸುತ್ತಿಗೆಯ ಕಂಪೆನಿಗೆ ಯಾವ ದೇಶದ ಸಂಸತ್ತೂ ಇಂತಹ ಕವಚವನ್ನು ತೊಡಿಸಿಲ್ಲವೆಂಬುದು ಹೊಳೆಯುತ್ತದೆ. ತೊಡಿಸಬೇಕಾದ ಅಗತ್ಯವೂ ಇಲ್ಲ. ತಪ್ಪೇ ಮಾಡದ ವ್ಯಾಪಾರಿಯ ಮೇಲೆ ಬಂದ ದಾವೆಯನ್ನು ನ್ಯಾಯಾಧೀಶನು ತಾನೇ ವಜಾ ಮಾಡುತ್ತಾನೆ. ತಪ್ಪು ಇದೆಯೋ ಇಲ್ಲವೋ ಎಂದು ನೋಡುವ ಕೆಲಸವು ನ್ಯಾಯಾಲಯದ್ದು. ಆ ನೋಟಕ್ಕೇ ಪರದೆ ಎಳೆಯುವುದು ನಿರಪರಾಧಿಗೆ ಕೊಟ್ಟ ರಕ್ಷಣೆಯಲ್ಲ, ಅಪರಾಧಿ ಯಾರೆಂದು ಕೇಳದಿರುವ ಏರ್ಪಾಡು. ವರ್ಮಾಂಟಿನ ಬೇಟೆಗಾರನಿಗೆ ಜಿಂಕೆ ಹೊಡೆಯಲು ಈ ಶಾಸನ ಬೇಕಿರಲಿಲ್ಲ. ಬ್ರೇಡಿ ಮತದ ಹಿಂದೆ ಸ್ಯಾಂಡರ್ಸ್ ಅವರ ಕ್ಷೇತ್ರವಿತ್ತು. ಈ ಮತದ ಹಿಂದೆ ನಾನು ಉದ್ದಿಮೆಯನ್ನಲ್ಲದೆ ಕ್ಷೇತ್ರವನ್ನು ಕಾಣಲಾರೆ.

ಶಾಸನವು ಕಾಗದದ ಮೇಲಿರುವಾಗ ಒಂದು ಬಗೆ, ಮನೆಯೊಳಗೆ ಹೊಕ್ಕಾಗ ಮತ್ತೊಂದು ಬಗೆ. 2012ರ ಜುಲೈ 20ರಂದು ಕೊಲೊರಾಡೊದ ಅರೋರಾ ನಗರದ ಚಿತ್ರಮಂದಿರವೊಂದರಲ್ಲಿ ಹನ್ನೆರಡು ಮಂದಿ ಹತರಾದರು. ಅವರಲ್ಲಿ ಒಬ್ಬಳ ತಂದೆತಾಯಿಗಳು, ಹಂತಕನಿಗೆ ಮುಖವನ್ನೂ ನೋಡದೆ ಸಾವಿರಾರು ತೋಟೆಗಳನ್ನು ಅಂಚೆಯಲ್ಲಿ ಕಳಿಸಿದ ವ್ಯಾಪಾರಿಯ ಮೇಲೆ ದಾವೆ ಹೂಡಿದರು. ಅವರು ಹಣ ಬೇಡಲಿಲ್ಲ. ಮಾರುವ ಕ್ರಮ ಬದಲಾಗಲಿ ಎಂದಷ್ಟೇ ಬೇಡಿದರು. ಕೇಂದ್ರದ ಈ ಶಾಸನವೂ ಸಂಸ್ಥಾನದ ಇನ್ನೊಂದು ಶಾಸನವೂ ಸೇರಿ 2015ರಲ್ಲಿ ದಾವೆ ವಜಾ ಆಯಿತು. ಅಷ್ಟಕ್ಕೇ ಮುಗಿಯದೆ, ಎದುರು ಪಕ್ಷದ ವಕೀಲರ ವೆಚ್ಚವಾಗಿ ಎರಡು ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಆ ತಂದೆತಾಯಿಗಳೇ ತೆರತಕ್ಕದ್ದೆಂದು ಆದೇಶವಾಯಿತು. ಮಗಳನ್ನು ಮಣ್ಣುಮಾಡಿದವರ ಕೈಗೆ ನ್ಯಾಯಾಲಯವು ಕೊನೆಗೆ ಕೊಟ್ಟದ್ದು ಬಾಕಿ ಪಟ್ಟಿಯನ್ನು. ಇದನ್ನು ಓದಿದ ದಿನ ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಅರೋರಾದ ಕೊಲೆಗಳು ನಡೆದ 2012ರಲ್ಲೇ, ಡಿಸೆಂಬರ್ 14ರಂದು ಕನೆಟಿಕಟ್‌ನ ನ್ಯೂಟೌನ್ ಪಟ್ಟಣದ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಮಂದಿ ಎಳೆಯ ಮಕ್ಕಳೂ ಆರು ಮಂದಿ ಶಾಲೆಯ ಸಿಬ್ಬಂದಿಯೂ ಹತರಾದರು. ಅಲ್ಲಿಯೂ ಬುಷ್‌ಮಾಸ್ಟರ್. ಮುಂದಿನ ಏಪ್ರಿಲಿನಲ್ಲಿ, ಆಗ ಸೆನೆಟಿನಲ್ಲಿದ್ದ ಸ್ಯಾಂಡರ್ಸ್, ಖಾಸಗಿ ಮಾರಾಟಗಳಿಗೂ ಪೂರ್ವಾಪರ ವಿಚಾರಣೆಯನ್ನು ವಿಸ್ತರಿಸುವ ತಿದ್ದುಪಡಿಗೂ ಯುದ್ಧಮಾದರಿಯ ಕೋವಿಗಳ ಹೊಸ ನಿಷೇಧಕ್ಕೂ ಮತವಿತ್ತರು. ಎರಡೂ ಬಿದ್ದುಹೋದುವು, ಮೊದಲನೆಯದಕ್ಕೆ 54 ಮತ ಬಂದರೂ ಬೇಕಾದ 60 ದೊರೆಯಲಿಲ್ಲ. ಅತ್ತ ನ್ಯೂಟೌನಿನ ಕೆಲವು ಕುಟುಂಬಗಳು ತಯಾರಕರ ಮೇಲೆ ದಾವೆ ಹೂಡಿ, 2005ರ ಶಾಸನದ ಗೋಡೆಯಲ್ಲಿ ಜಾಹೀರಾತಿನ ಕಾನೂನೆಂಬ ಒಂದು ಸಣ್ಣ ಬಿರುಕನ್ನು ಹುಡುಕಿ, ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದಲ್ಲಿ ನಾಲ್ಕಕ್ಕೆ ಮೂರರ ಬಹುಮತ ಪಡೆದು, 2022ರಲ್ಲಿ ಏಳು ಕೋಟಿ ಮೂವತ್ತು ಲಕ್ಷ ಡಾಲರುಗಳ ರಾಜಿಯನ್ನು ಕಂಡವು.

2016ರ ಮತದಾರನಿಗೆ ಈ ಕೊನೆ ತಿಳಿದಿರಲಿಲ್ಲ. ತಿಳಿದಿದ್ದುದು ಇಷ್ಟು. 2015ರ ಅಕ್ಟೋಬರಿನ ಲಾಸ್ ವೇಗಸ್ ಚರ್ಚೆಯಲ್ಲಿ ಈ ಮತದ ಬಗ್ಗೆ ಕೇಳಿದಾಗ ಸ್ಯಾಂಡರ್ಸ್ ಅವರು ಅದು ಬಹು ತೊಡಕಿನ ಮಸೂದೆಯೆಂದರು. 2016ರ ಜನವರಿಯಲ್ಲಿ, ಮತ್ತೊಂದು ಚರ್ಚೆಯ ಮುನ್ನಾದಿನ, ಆ ರಕ್ಷಣೆಯನ್ನು ತೆಗೆಯುವ ಹೊಸ ಮಸೂದೆಗೆ ಬೆಂಬಲ ಸಾರಿದರು. ಏಪ್ರಿಲಿನಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆಯು, ಸ್ಯಾಂಡಿ ಹುಕ್ಕಿನ ಸಂತ್ರಸ್ತರು ತಯಾರಕರ ಮೇಲೆ ದಾವೆ ಹೂಡಬಹುದೇ ಎಂದು ಕೇಳಿದರೆ, ಕೂಡದೆಂಬ ಉತ್ತರ ಬಂತು. ಪ್ರತಿನಿಧಿಯು ಅಭಿಪ್ರಾಯವನ್ನು ಬದಲಿಸುವುದು ದೋಷವಲ್ಲ; ಬದಲಾಗದ ಮನಸ್ಸು ಕಲಿಯದ ಮನಸ್ಸು. ಆದರೆ ಬದಲಾದವನು ಏನನ್ನು ಕಂಡು ಬದಲಾದೆನೆಂದು ಹೇಳಬೇಕು. ಜನವರಿಗೂ ಏಪ್ರಿಲಿಗೂ ನಡುವೆ ಆ ಮಾತನ್ನು ನಾನು ಹುಡುಕಿದೆ, ದೊರೆಯಲಿಲ್ಲ.

ಎದುರಾಳಿಯಾಗಿದ್ದ ಹಿಲರಿ ಕ್ಲಿಂಟನ್ ಅವರ ದಾರಿಯೂ ನೇರವಾದುದೇನಲ್ಲ. 2000ದಲ್ಲಿ ಕೋವಿ ನೋಂದಣಿಯ ಪರವಾಗಿದ್ದ ಅವರು, 2008ರಲ್ಲಿ ತಂದೆಯು ತಮಗೆ ಗುರಿಯಿಡುವುದನ್ನು ಕಲಿಸಿದ ಕಥೆಯನ್ನು ಹೇಳಿ, 2016ರ ಹೊತ್ತಿಗೆ ಮತ್ತೆ ಕಠಿನರಾದರು. ಕ್ಷೇತ್ರ ಬದಲಾದಂತೆ ಮಾತು ಬದಲಾಗುವುದು ಆ ದೇಶದಲ್ಲಿ ಅಪರೂಪವಲ್ಲ. ಆದರೆ 2005ರಲ್ಲಿ, ಮತ ಕೊಡುವ ಹೊತ್ತಿನಲ್ಲಿ, ಅವರು ಸೆನೆಟಿನಲ್ಲಿ ಅಲ್ಲವೆಂದಿದ್ದರು. ಕೋವಿಯೊಂದೇ ಪ್ರಶ್ನೆಯಾಗಿದ್ದು ನಾನು ನ್ಯೂಯಾರ್ಕಿನ ಮತದಾರನಾಗಿದ್ದರೆ, 1994ರ ಧೈರ್ಯವನ್ನು ಮನಸಾರೆ ಮೆಚ್ಚಿಯೂ, ಅರೋರಾದ ಆ ತಂದೆತಾಯಿಗಳನ್ನು ನೆನೆದು ಸ್ಯಾಂಡರ್ಸ್ ಅವರಿಗೆ ಮತವೀಯಲಾರದೆ ಹೋಗುತ್ತಿದ್ದೆ. ಮತದಾರನ ಮುಂದೆ ಕೋವಿಯೊಂದೇ ಪ್ರಶ್ನೆಯಾಗಿ ನಿಲ್ಲುವುದು ವಿರಳವೆಂಬುದನ್ನು ಬಲ್ಲೆ. ಇತರ ಪ್ರಶ್ನೆಗಳಲ್ಲಿ ಅವರ ತೂಕ ಬೇರೆಯೇ ಆದೀತು. 2020ರ ಫೆಬ್ರವರಿಯಲ್ಲಿ, ಮತ್ತೊಂದು ಚುನಾವಣೆಯ ವೇದಿಕೆಯ ಮೇಲೆ, ಅದೊಂದು ಕೆಟ್ಟ ಮತವೆಂದು ಅವರೇ ಒಪ್ಪಿಕೊಂಡರು. ಹದಿನೈದು ವರ್ಷ ತಡವಾದರೂ ಆ ಒಪ್ಪಿಗೆಗೆ ನಾನು ಬೆಲೆ ಕೊಡುತ್ತೇನೆ.

ಇನ್ನೊಂದು ಸಂಗತಿಯನ್ನು ಹೇಳಿದರೆ ನನ್ನ ಮಾತು ಮುಗಿಯುತ್ತದೆ. ವರ್ಮಾಂಟಿನ ಜನ ಒಪ್ಪುತ್ತಿರಲಿಲ್ಲವೆಂಬ ಸಮಾಧಾನವನ್ನು ಸ್ಯಾಂಡರ್ಸ್ ಅವರ ಪರವಾಗಿ ಅನೇಕರು ಹೇಳಿದರು. ನಾನೂ ಮೇಲೆ ಅರ್ಧ ಹೇಳಿದೆ. ಅದೇ ಸಂಸ್ಥಾನದ ರಾಜ್ಯಪಾಲ ಫಿಲ್ ಸ್ಕಾಟ್ ರಿಪಬ್ಲಿಕನರು. ವರ್ಮಾಂಟಿಗೆ ಹೊಸ ಕೋವಿ ಕಾನೂನುಗಳು ಬೇಡವೆಂದು ಹೇಳಿ 2016ರಲ್ಲಿ ಗೆದ್ದವರು. 2018ರ ಫೆಬ್ರವರಿಯಲ್ಲಿ ಫೇರ್ ಹೇವನ್ ಎಂಬ ಊರಿನ ಶಾಲೆಯಲ್ಲಿ ಕೊಲೆ ನಡೆಸಲು ಹದಿನೆಂಟರ ಹುಡುಗನೊಬ್ಬನು ಹೂಡಿದ್ದ ಸಂಚು ಬಯಲಾಯಿತು. ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರವನ್ನು ಓದಿ ತಮ್ಮ ಮನಸ್ಸು ತಿರುಗಿತೆಂದು ಸ್ಕಾಟ್ ಅವರು ಬಹಿರಂಗವಾಗಿ ಹೇಳಿದರು. ಏಪ್ರಿಲ್ 11ರಂದು ಮಾಂಟ್‌ಪೀಲಿಯರಿನ ಶಾಸನಭವನದ ಮೆಟ್ಟಿಲ ಮೇಲೆ, ಬಯಲಿನಲ್ಲಿ, ಮೇಜು ಹಾಕಿಸಿಕೊಂಡು ಅವರು ಹೊಸ ಶಾಸನಗಳಿಗೆ ರುಜು ಹಾಕಿದರು: ಖಾಸಗಿ ಮಾರಾಟಕ್ಕೂ ಪೂರ್ವಾಪರ ವಿಚಾರಣೆ, ಕೊಳ್ಳಲು ಇಪ್ಪತ್ತೊಂದರ ವಯಸ್ಸು, ಕೋವಿಯಲ್ಲಿ ಒಮ್ಮೆಗೆ ತುಂಬಬಹುದಾದ ತೋಟೆಗಳ ಸಂಖ್ಯೆಗೆ ಮಿತಿ. ಬೇಟೆಯ ಶಿಕ್ಷಣ ಪಡೆದ ಕಿರಿಯರಿಗೆ ವಯಸ್ಸಿನ ವಿನಾಯಿತಿಯೂ ಇತ್ತು. ಎದುರಿಗೆ ಬೇಟೆಗಾರರ ಕಿತ್ತಳೆ ಬಣ್ಣದ ಉಡುಪಿನಲ್ಲಿ ನಿಂತಿದ್ದವರು ದ್ರೋಹಿಯೆಂದು ಕೂಗಿದರು. ಒಳಗಿನ ಕೋಣೆಯಲ್ಲಿ ರುಜು ಹಾಕಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ.

ಆ ವರ್ಷದ ನವೆಂಬರ್ 6ರಂದು ವರ್ಮಾಂಟಿನ ಜನರು ಅವರನ್ನೇ ಮತ್ತೆ ಆರಿಸಿದರು. ನಾಲ್ಕು ದಿನ ಕಳೆದು, 10ನೆಯ ತಾರೀಖಿನ ಶನಿವಾರ ಬೆಳಗ್ಗೆ, ಜಿಂಕೆ ಬೇಟೆಯ ಹದಿನಾರು ದಿನಗಳು ಎಂದಿನಂತೆ ಆರಂಭವಾದುವು.